ಓದುಗರ ಪ್ರಶ್ನೆ: ಜೂನ್‌ನಲ್ಲಿ ತರಗತಿಗೆ ಯಾರು ಬಂದಿದ್ದರು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶಿಕ್ಷಕರ ಬಗ್ಗೆಯೇ ಇವೆ. ಶಿಕ್ಷಕರಿಲ್ಲ ಅಂತ ತಾಯಂದಿರು ಬರೆದಿದ್ದಾರೆ, ವರ್ಗಾವಣೆ ಸಿಗುತ್ತಿಲ್ಲ ಅಂತ ಶಿಕ್ಷಕರು ಬರೆದಿದ್ದಾರೆ, ಸಂಬಳ ಬಂದಿಲ್ಲ ಅಂತ ಅತಿಥಿ ಶಿಕ್ಷಕರು ಬರೆದಿದ್ದಾರೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಈ ಪತ್ರಗಳನ್ನು ಓದಿ ಪಕ್ಕಕ್ಕಿಡಲು ಮನಸ್ಸಾಗಲಿಲ್ಲ. ಅದಕ್ಕೇ ಈ ಸಲ ಬೇರೆ ವಿಷಯ ಬೇಡ, ಇದೊಂದೇ ಇರಲಿ ಅಂತ ಸಂಪಾದಕರಿಗೆ ಹೇಳಿದೆ.

ಪ್ರಶ್ನೆ: ಮೇಡಂ, ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ. ಜೂನ್‌ನಿಂದ ಗಣಿತಕ್ಕೆ ಶಿಕ್ಷಕರಿರಲಿಲ್ಲ. ಆಗಸ್ಟ್‌ನಲ್ಲಿ ಒಬ್ಬ ಅತಿಥಿ ಶಿಕ್ಷಕರು ಬಂದರು, ಚೆನ್ನಾಗಿಯೇ ಕಲಿಸಿದರು. ನವೆಂಬರ್‌ನಲ್ಲಿ ಬೇರೆ ಕೆಲಸ ಸಿಕ್ಕಿತು ಅಂತ ಬಿಟ್ಟು ಹೋದರು. ಪ್ರತಿ ವರ್ಷ ಫಲಿತಾಂಶ ಬಂದಾಗ ಟಿವಿಯಲ್ಲಿ ಮಂಗಳೂರು, ಉಡುಪಿ ಮೇಲೆ, ನಮ್ಮ ಭಾಗ ಕೆಳಗೆ. ನಮ್ಮ ಮಕ್ಕಳು ಅಷ್ಟು ದಡ್ಡರಾ?
– ಒಬ್ಬ ತಾಯಿ, ರಾಯಚೂರು ಜಿಲ್ಲೆ

ಅಲ್ಲಮ್ಮ, ಖಂಡಿತ ಅಲ್ಲ. ಆ ಮಾತು ಮಗಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡಕ್ಕೆ ಶೇ 91.12, ಕಲಬುರಗಿಗೆ ಶೇ 42.43. ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಇಲಾಖೆ. ಆದರೂ ಎರಡರ ನಡುವೆ ಸುಮಾರು 49 ಶೇಕಡಾ ಅಂಶದ ಅಂತರ. ಇಷ್ಟು ದೊಡ್ಡ ಅಂತರ ಮಕ್ಕಳ ತಲೆಯಲ್ಲಿ ಹುಟ್ಟುವುದಿಲ್ಲ.

ಮೊದಲು ಈ ಅಂಕಿಗಳ ಬಗ್ಗೆ ಒಂದು ಮಾತು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ನಕಲು ಕಡಿಮೆಯಾಯಿತು, ಫಲಿತಾಂಶವೂ ಕುಸಿಯಿತು. ಕುಸಿದಿದ್ದನ್ನು ಮೇಲೆತ್ತಲು ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಅಷ್ಟು ಮಾಡಿದರೂ ಬಂದಿದ್ದು ಶೇ 73.40. ಮರುವರ್ಷ ಆ ಕೃಪಾಂಕ ತೆಗೆದರು, ಫಲಿತಾಂಶ ಶೇ 66.14ಕ್ಕೆ ಬಂತು. ಮೂರು ವರ್ಷದಲ್ಲಿ ಮಕ್ಕಳೇನೂ ಬದಲಾಗಿರಲಿಲ್ಲ, ಬದಲಾಗಿದ್ದು ಅಳೆಯುವ ಕೋಲು. ಆದರೆ ಆ ಕೋಲು ನೆಟ್ಟಗಾದ ಮೇಲೆ, ಇಷ್ಟು ದಿನ ನಕಲು ಮತ್ತು ಕೃಪಾಂಕದ ಅಡಿಯಲ್ಲಿ ಮುಚ್ಚಿಹೋಗಿದ್ದ ಒಂದು ಸಂಗತಿ ಎಲ್ಲರಿಗೂ ಕಂಡಿತು. ಎಷ್ಟೋ ತರಗತಿಗಳಲ್ಲಿ ವರ್ಷವಿಡೀ ಪಾಠವೇ ಸರಿಯಾಗಿ ನಡೆದಿಲ್ಲ.

ಯಾಕೆ ನಡೆದಿಲ್ಲ ಅಂತ ಕೇಳಿದರೆ ನಾನು ಮೊದಲು ಬೆರಳು ತೋರಿಸುವುದು ಜೂನ್ ತಿಂಗಳ ಕಡೆಗೆ. ನಾವೆಲ್ಲ ಏಪ್ರಿಲ್, ಮೇನಲ್ಲಿ ಫಲಿತಾಂಶ ಬಂದಾಗ ಶಾಲೆಯ ಬಗ್ಗೆ ಮಾತಾಡುತ್ತೇವೆ. ಹಿಂದಿನ ಜೂನ್‌ನಲ್ಲಿ ಆ ತರಗತಿಗೆ ಯಾರು ಬಂದರು, ಯಾವ ವಿಷಯ ಓದಿದವರು ಬಂದರು, ಮಾರ್ಚ್ ತನಕ ಅವರೇ ಉಳಿದರಾ ಅಂತ ಯಾರೂ ಕೇಳುವುದಿಲ್ಲ. ಪ್ರೌಢಶಾಲೆಯಲ್ಲಿ ಗಣಿತಕ್ಕೆ ಸಾಮಾನ್ಯವಾಗಿ ಇರುವುದು ಒಂದೇ ಒಂದು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಹುದ್ದೆ. ಅದು ಖಾಲಿಯಾದರೆ ಎಂಟು, ಒಂಬತ್ತು, ಹತ್ತು, ಮೂರೂ ತರಗತಿಗೆ ಗಣಿತ ನಿಂತುಹೋಗುತ್ತದೆ. ಎಂಟನೇ ತರಗತಿಯಲ್ಲಿ ಬೀಜಗಣಿತ ಸರಿಯಾಗಿ ಕಲಿಯದ ಮಗು ಹತ್ತರಲ್ಲಿ ವರ್ಗಸಮೀಕರಣ ಬಿಡಿಸುವುದು ಹೇಗೆ? ನಾನಿದ್ದ ಒಂದು ಶಾಲೆಯಲ್ಲಿ ಎರಡು ವರ್ಷ ಈ ಹುದ್ದೆ ಖಾಲಿ ಇತ್ತು. ದೈಹಿಕ ಶಿಕ್ಷಕರು ಪಾಪ, ಗದ್ದಲ ಆಗದಿರಲಿ ಅಂತ ಹೋಗಿ ಕೂರುತ್ತಿದ್ದರು, ಮಕ್ಕಳು ಗೈಡ್ ನೋಡಿ ಲೆಕ್ಕ ಬರೆದುಕೊಳ್ಳುತ್ತಿದ್ದರು. ಶಾಲೆಯ ಹಾಜರಿ, ವೇಳಾಪಟ್ಟಿ, ಕಾಗದಪತ್ರ ಎಲ್ಲ ಸರಿಯಾಗಿಯೇ ಇತ್ತು. ಆ ಬ್ಯಾಚಿನ ಫಲಿತಾಂಶ ನೋಡಿ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಿಮ್ಮ ಭಾಗದಲ್ಲಿ ಈ ಕಷ್ಟ ಜಾಸ್ತಿ. ತುಂಬಾ ವರ್ಷ ಅಲ್ಲಿನ ಹುದ್ದೆಗಳಿಗೆ ಹೊರಗಿನ ಜಿಲ್ಲೆಯವರು ಬರುತ್ತಿದ್ದರು. ಕೆಲಸ ಕಾಯಂ ಆದ ಕೂಡಲೇ ಊರಿನ ಕಡೆ ವರ್ಗಾವಣೆ ಕೇಳುತ್ತಿದ್ದರು. ಅವರ ಜಾಗ ಮುಂದಿನ ನೇಮಕಾತಿ ತನಕ ಖಾಲಿ ಇರುತ್ತಿತ್ತು. ಮುಂದಿನ ನೇಮಕಾತಿ ಎಂದರೆ ಮುಂದಿನ ವರ್ಷ ಅಂತ ಅಲ್ಲ, ಎಷ್ಟೋ ಸಲ ಐದಾರು ವರ್ಷ. 2013ರಲ್ಲಿ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೇ ಮೀಸಲು. ಇದು ಒಳ್ಳೆಯದೇ, ಊರಿನವರು ಊರಲ್ಲೇ ಉಳಿಯುತ್ತಾರೆ. ಆದರೆ ಗಣಿತ, ವಿಜ್ಞಾನ ಓದಿ ಬಿ.ಎಡ್ ಮಾಡಿ ಪರೀಕ್ಷೆ ಪಾಸಾದವರು ಅಲ್ಲೇ ಸಾಕಷ್ಟು ಸಿಗಬೇಕಲ್ವಾ? ಹತ್ತನೇ ತರಗತಿಯಲ್ಲೇ ಗಣಿತದ ಮೇಷ್ಟ್ರು ಇರದಿದ್ದರೆ ಪಿಯುಸಿಯಲ್ಲಿ ವಿಜ್ಞಾನ ತಗೊಳ್ಳುವವರು ಎಷ್ಟು ಜನ? ಅವರಲ್ಲಿ ಶಿಕ್ಷಕರಾಗುವವರು ಎಷ್ಟು? ಇವತ್ತು ಖಾಲಿ ಬಿಟ್ಟ ಕುರ್ಚಿ ಹದಿನೈದು ವರ್ಷ ಆದ ಮೇಲೂ ಖಾಲಿಯೇ ಇರುವುದು ಹೀಗೆ.

ಎಲ್ಲವನ್ನೂ ಖಾಲಿ ಹುದ್ದೆಯ ತಲೆಗೇ ಕಟ್ಟಿದರೆ ತಪ್ಪಾಗುತ್ತದೆ. ಕರಾವಳಿಯಲ್ಲಿ 1830ರ ದಶಕದಲ್ಲೇ ಬಾಸೆಲ್ ಮಿಷನ್‌ನವರು ಶಾಲೆ ತೆರೆದರು. ಆಮೇಲೆ ಸಮುದಾಯಗಳೇ ಮುಂದೆ ಬಂದು ಶಾಲೆ ಕಟ್ಟಿದವು. ಅಲ್ಲಿ ಅಜ್ಜಿಯ ಕಾಲಕ್ಕೇ ಓದು ಮನೆಯೊಳಗೆ ಬಂದಿತ್ತು. ನಿಮ್ಮ ಕಡೆ ಅರ್ಧ ಊರು ಗುಳೆ ಹೋಗುತ್ತದೆ, ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲದಲ್ಲಿರುತ್ತಾರೆ. ಇದೆಲ್ಲ ಸೇರಿಯೇ ಆ ಅಂತರ. ಆದರೆ ಅಜ್ಜಿಯ ಓದನ್ನು ಸರ್ಕಾರ ಇವತ್ತು ಬದಲಿಸಲಾಗದು, ಜೂನ್ ಒಂದಕ್ಕೆ ಗಣಿತದ ಮೇಷ್ಟ್ರನ್ನು ಕಳಿಸಬಹುದು. ಮನೆಯಲ್ಲಿ ಹೇಳಿಕೊಡುವವರು ಇಲ್ಲದ ಮಗುವಿಗೆ ಶಾಲೆಯ ಮೇಷ್ಟ್ರು ಬಿಟ್ಟರೆ ಬೇರೆ ಯಾರಿದ್ದಾರೆ? ಹಾಗಾಗಿ ಮೊದಲು ಶಿಕ್ಷಕರು ಹೋಗಬೇಕಿದ್ದಿದ್ದು ನಿಮ್ಮ ಊರಿಗೇ.

ಈಗ ನೀವು ಮಾಡಬಹುದಾದದ್ದು. ಶಾಲೆಯ ಪೋಷಕರ ಸಮಿತಿ ಎಸ್‌ಡಿಎಂಸಿಯವರನ್ನು ಕರೆದುಕೊಂಡು ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಕಚೇರಿಗೆ ಹೋಗಿ. ಬಾಯಿಮಾತು ಬೇಡ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಪಕ್ಕದ ಶಾಲೆಯ ಗಣಿತ ಶಿಕ್ಷಕರನ್ನು ವಾರಕ್ಕೆ ಎರಡು ದಿನವಾದರೂ ನಿಯೋಜನೆ ಮಾಡಿ ಅಂತ ಕೇಳಿ, ಇದು ಬಿಇಒ ಹಂತದಲ್ಲೇ ಆಗುವ ಕೆಲಸ. ಖಾಲಿಯಾದ ಅತಿಥಿ ಜಾಗಕ್ಕೆ ಇನ್ನೊಬ್ಬರನ್ನು ತಗೊಳ್ಳಲು ಮುಖ್ಯ ಶಿಕ್ಷಕರಿಗೆ ನೆನಪಿಸಿ. ಮಗಳಿಗೆ ಹೇಳಿ, ಮೊದಲ ಪರೀಕ್ಷೆಯೇ ಕೊನೆಯಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ಇಂಥ ಅಭ್ಯಾಸದಿಂದ ಬರುವ ಪಾಠ ಮೊದಲು ಗಟ್ಟಿ ಮಾಡಿಕೊಳ್ಳಲಿ.

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಯಾದಗಿರಿಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕ, ಹದಿನಾಲ್ಕು ವರ್ಷ ಆಯಿತು. ಅಪ್ಪನಿಗೆ ಪಾರ್ಶ್ವವಾಯು, ಹೆಂಡತಿ ಊರಿನಲ್ಲೇ ಕೆಲಸದಲ್ಲಿದ್ದಾಳೆ. ಕೌನ್ಸೆಲಿಂಗ್‌ನಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಪ್ರತಿ ಸಲ ಕೋಟಾ ಮುಗಿದಿರುತ್ತದೆ. ನಾನು ಹೋಗುತ್ತೇನೆ ಎಂದರೆ ಊರಿನವರು ಮಕ್ಕಳ ಗತಿ ಏನು ಅನ್ನುತ್ತಾರೆ. ನಾನು ಕೇಳುವುದು ತಪ್ಪಾ?
– ಒಬ್ಬ ಶಿಕ್ಷಕ

ಈ ಪತ್ರ ಮತ್ತು ಮೇಲಿನ ತಾಯಿಯ ಪತ್ರ ಒಂದೇ ವಾರ ಬಂದವು. ಎರಡನ್ನೂ ಅಕ್ಕಪಕ್ಕ ಇಟ್ಟು ತುಂಬಾ ಹೊತ್ತು ಕೂತಿದ್ದೆ ಸರ್.

ನೀವು ಕೇಳುವುದು ತಪ್ಪಲ್ಲ. ಹದಿನಾಲ್ಕು ವರ್ಷ ಆ ಊರಿನಲ್ಲಿ ಉಳಿದವರು ನೀವು, ನಿಮಗೆ ಯಾರೂ ಕರ್ತವ್ಯ ಹೇಳಿಕೊಡಬೇಕಿಲ್ಲ. ನಿಮ್ಮ ಸಂಸಾರ ಬೇಕಾ, ಆ ಮಕ್ಕಳ ಪಾಠ ಬೇಕಾ ಅಂತ ನಿಮ್ಮನ್ನೇ ಆರಿಸಲು ಬಿಟ್ಟಿದೆಯಲ್ಲ ವ್ಯವಸ್ಥೆ, ತಪ್ಪು ಅಲ್ಲಿದೆ. 2007ರ ವರ್ಗಾವಣೆ ಕಾಯ್ದೆ ಬಂದಿದ್ದೇ ಶಿಫಾರಸು ಪತ್ರ, ದುಡ್ಡು ಇವುಗಳನ್ನು ನಿಲ್ಲಿಸಲು. ಪೇಟೆಯಿಂದ ಶಾಲೆ ಎಷ್ಟು ದೂರ ಅನ್ನುವುದರ ಮೇಲೆ ಎ, ಬಿ, ಸಿ ವಲಯ, ಕೌನ್ಸೆಲಿಂಗ್, ಸೇವಾ ಅಂಕ ಎಲ್ಲ ಬಂತು. ಮೊದಲಿನ ಕಾಲ ನೋಡಿದ ನನಗೆ ಅದು ದೊಡ್ಡ ಸುಧಾರಣೆ ಅಂತಲೇ ಅನಿಸುತ್ತದೆ. 2020ರಲ್ಲಿ ಹೊಸ ಕಾಯ್ದೆ ಬಂತು. ಆದರೂ ಒಂದು ವರ್ಷ ವರ್ಗಾವಣೆ ನಡೆಯುತ್ತದೆ, ಒಂದು ವರ್ಷ ಕೋರ್ಟು, ಚುನಾವಣೆ ಅಂತ ನಿಲ್ಲುತ್ತದೆ, ಒಂದೊಂದು ಸಲ ಶಾಲೆ ಶುರುವಾದ ಮೇಲೆ ನಡೆದು ವರ್ಷದ ಮಧ್ಯೆ ಮಕ್ಕಳ ಕೈಯಿಂದ ಶಿಕ್ಷಕರನ್ನು ಕಿತ್ತುಕೊಳ್ಳುತ್ತದೆ.

ಹೊಸ ನೇಮಕಾತಿ ಪ್ರತಿ ವರ್ಷ ನಡೆದಿದ್ದರೆ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು, ನೀವು ಹೋಗುತ್ತಿದ್ದಿರಿ, ಮಕ್ಕಳಿಗೂ ನಷ್ಟ ಆಗುತ್ತಿರಲಿಲ್ಲ. ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಮದುವೆಯಾದ ಹೆಣ್ಣುಮಕ್ಕಳು ಜಾತಿ, ಆದಾಯದ ಪ್ರಮಾಣಪತ್ರ ತಂದೆಯ ಕಡೆಯದು ಕೊಡಬೇಕಾ, ಗಂಡನ ಕಡೆಯದಾ ಅನ್ನುವ ಜಗಳ ಹೈಕೋರ್ಟಿಗೆ ಹೋಯಿತು. ನೇಮಕಾತಿಯ ದಾರಿ ತೆರೆದಿದ್ದು 2023ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಆರನೇ ತರಗತಿಯ ಮಗು ಏಳಕ್ಕೆ ಬಂದಿತ್ತು. ಅರ್ಜಿ ನಮೂನೆಯಲ್ಲಿ ಒಂದು ಸಾಲು ಮೊದಲೇ ಸ್ಪಷ್ಟವಾಗಿದ್ದರೆ ಉಳಿಯುತ್ತಿದ್ದ ಸಮಯ ಅದು.

ನಿಮ್ಮ ತಂದೆಯ ವೈದ್ಯಕೀಯ ದಾಖಲೆ, ಪತ್ನಿಯ ಸೇವಾ ಪ್ರಮಾಣಪತ್ರ ಎರಡನ್ನೂ ಈಗಲೇ ಸಿದ್ಧ ಇಟ್ಟುಕೊಳ್ಳಿ. ಪತಿ-ಪತ್ನಿ ಪ್ರಕರಣಕ್ಕೆ ಆದ್ಯತೆ ಇದೆ, ಆದರೆ ಕಾಗದ ಒಂದು ದಿನ ತಡವಾದರೂ ಅರ್ಜಿ ಬಿದ್ದುಹೋಗುತ್ತದೆ. ಇನ್ನೊಂದು ವಿಷಯ. ಬೇರೆ ಘಟಕಕ್ಕೆ, ಅಂದರೆ ಬೇರೆ ಜಿಲ್ಲೆಗೆ ಹೋದರೆ ಜ್ಯೇಷ್ಠತೆ ಕಳೆದುಕೊಂಡು ಅಲ್ಲಿನ ಪಟ್ಟಿಯ ಕೊನೆಗೆ ಸೇರುತ್ತೀರಿ. ಮನೆಯಲ್ಲಿ ಮಾತಾಡಿ ನಿರ್ಧಾರ ಮಾಡಿ. ಹೋಗುವ ದಿನ ಬಂದರೆ ಮನಸ್ಸಲ್ಲಿ ಅಳುಕು ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಡಿ.ಎಡ್, ಬಿ.ಎಡ್, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಎಲ್ಲ ಆಗಿದೆ. ಆರು ವರ್ಷದಿಂದ ಅತಿಥಿ ಶಿಕ್ಷಕಿ. ಗೌರವಧನ ಮೂರು ತಿಂಗಳಿಗೊಮ್ಮೆ ಬರುತ್ತದೆ, ಏಪ್ರಿಲ್, ಮೇನಲ್ಲಿ ಏನೂ ಇಲ್ಲ. ಮೊನ್ನೆ ಒಂದು ಸಭೆಯಲ್ಲಿ ಒಬ್ಬರು, "ಗುತ್ತಿಗೆ ಶಿಕ್ಷಕರೂ ಕಾಯಂ ಶಿಕ್ಷಕರಷ್ಟೇ ಚೆನ್ನಾಗಿ ಕಲಿಸುತ್ತಾರೆ ಅಂತ ಸಂಶೋಧನೆಯೇ ಹೇಳಿದೆ, ಮತ್ತೆ ಕಾಯಂ ಯಾಕೆ ಬೇಕು?" ಅಂದರು. ನನಗೆ ಉತ್ತರ ತೋಚಲಿಲ್ಲ. ನೀವು ಹೇಳಿ ಮೇಡಂ.
– ಅತಿಥಿ ಶಿಕ್ಷಕಿ, ಕೊಪ್ಪಳ ಜಿಲ್ಲೆ

ತಂಗಿ, ಆ ಸಂಶೋಧನೆ ಸುಳ್ಳಲ್ಲ. ಅವರು ಅದನ್ನು ಅರ್ಧ ಮಾತ್ರ ಹೇಳಿದ್ದಾರೆ.

ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅನ್ನುವ ಅರ್ಥಶಾಸ್ತ್ರಜ್ಞರು ಹಿಂದಿನ ಅವಿಭಜಿತ ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ಚೀಟಿ ಎತ್ತಿದ ಹಾಗೆ 100 ಶಾಲೆ ಆರಿಸಿ, ಒಂದೊಂದು ಶಾಲೆಗೆ ಒಬ್ಬ ಹೆಚ್ಚುವರಿ ಗುತ್ತಿಗೆ ಶಿಕ್ಷಕರನ್ನು ಕೊಟ್ಟರು. ಎರಡು ವರ್ಷ ಆದ ಮೇಲೆ ಆ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದಿದ್ದರು. ಗುತ್ತಿಗೆಯವರಿಗೆ ಸಂಬಳ ಕಾಯಂ ಶಿಕ್ಷಕರ ಐದನೇ ಒಂದು ಭಾಗ, ಆದರೂ ಅವರು ರಜೆ ಹಾಕಿದ್ದು ಕಡಿಮೆ. ಇಷ್ಟು ನಿಜ.

"ಹೆಚ್ಚುವರಿ" ಅನ್ನುವ ಪದ ಗಮನಿಸಿದಿರಾ? ಅಲ್ಲಿ ಕಾಯಂ ಶಿಕ್ಷಕರು ಇದ್ದ ಶಾಲೆಗೆ ಇನ್ನೊಬ್ಬರು ಸೇರಿದರು. ಇಬ್ಬರಿದ್ದಲ್ಲಿ ಮೂವರಾದರು, ತರಗತಿ ಚಿಕ್ಕದಾಯಿತು, ಒಬ್ಬೊಬ್ಬ ಮಗುವಿನ ಕಡೆ ನೋಡಲು ಸಮಯ ಸಿಕ್ಕಿತು. ನೀವು ಹೋಗುತ್ತಿರುವುದು ಖಾಲಿ ಬಿದ್ದ ಹುದ್ದೆಗೆ. ನೀವು ಬಂದರೆ ಶಾಲೆ ಮೊದಲಿದ್ದಷ್ಟಕ್ಕೆ ಬರುತ್ತದೆ, ನೀವು ಹೋದರೆ ಮತ್ತೆ ಕುಂಟುತ್ತದೆ. ಆ ಪ್ರಯೋಗದಲ್ಲಿ ಶಿಕ್ಷಕರು ಸೇರಿದ್ದು ವರ್ಷದ ಪಾಠಕ್ಕೆ. ನಮ್ಮಲ್ಲಿ ಅತಿಥಿ ಶಿಕ್ಷಕರ ಆದೇಶ ಎಷ್ಟೋ ಕಡೆ ಜೂನ್ ದಾಟಿ ಕೈಗೆ ಬರುತ್ತದೆ. ಅಷ್ಟೊತ್ತಿಗೆ ಎರಡು ಪಾಠ ಹೋಗಿರುತ್ತವೆ.

ಕಡಿಮೆ ಸಂಬಳಕ್ಕೆ ನೀವು ಚೆನ್ನಾಗಿ ಕಲಿಸುತ್ತೀರಿ ಅಂದರೆ ಅದು ನಿಮ್ಮ ಒಳ್ಳೆಯತನ, ಸರ್ಕಾರದ ನೀತಿ ಅಲ್ಲ. ಕರ್ನಾಟಕದಲ್ಲಿ ಈಗ ಸುಮಾರು 50 ಸಾವಿರ ಅತಿಥಿ ಶಿಕ್ಷಕರು ಪ್ರಾಥಮಿಕ ಮತ್ತು ಪ್ರೌಢಶಾಲೆ ನಡೆಸುತ್ತಿದ್ದಾರೆ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000. ಪಕ್ಕದ ಕೊಠಡಿಯಲ್ಲಿ ಅದೇ ಪಾಠ ಮಾಡುವ ಕಾಯಂ ಶಿಕ್ಷಕರ ಮೂಲವೇತನವೇ 40 ಸಾವಿರ ದಾಟುತ್ತದೆ. ಹೀಗಿರುವಾಗ ಪೊಲೀಸ್, ಬ್ಯಾಂಕ್, ಎಫ್‌ಡಿಎ, ಯಾವ ಪರೀಕ್ಷೆ ಬಂದರೂ ಬರೆಯುತ್ತಾರೆ, ಪಾಸಾದರೆ ನವೆಂಬರ್ ಆದರೂ ಸರಿ ಹೋಗುತ್ತಾರೆ. ಯಾರು ಬೇಡ ಅನ್ನಲು ಸಾಧ್ಯ? ರಾಯಚೂರಿನ ಆ ತಾಯಿಯ ಮಗಳ ಗಣಿತ ನಿಂತಿದ್ದು ಇಲ್ಲೇ.

ಅವರ ಕಡೆಯ ಒಂದು ವಾದವನ್ನೂ ಹೇಳಿಬಿಡುತ್ತೇನೆ, ಮುಂದಿನ ಸಭೆಯಲ್ಲಿ ನಿಮ್ಮ ಮುಂದೆ ಬರಬಹುದು. ಇಂಡೋನೇಷ್ಯಾದಲ್ಲಿ 2005ರ ಕಾನೂನಿನಿಂದ ಪ್ರಮಾಣೀಕೃತ ಶಿಕ್ಷಕರ ಮೂಲವೇತನ ದುಪ್ಪಟ್ಟಾಯಿತು. ಶಿಕ್ಷಕರು ಖುಷಿಯಾದರು, ಎರಡನೇ ಕೆಲಸ ಮಾಡುವವರು ಕಡಿಮೆಯಾದರು, ಆದರೆ ಎರಡು ಮೂರು ವರ್ಷ ಆದ ಮೇಲೂ ಮಕ್ಕಳ ಕಲಿಕೆ ಹೆಚ್ಚಲಿಲ್ಲ. ಹಾಗಾದರೆ ಸಂಬಳ ದಂಡ ಅಂತಲಾ? ಅಲ್ಲ. ಅಲ್ಲಿ ದುಡ್ಡು ಸಿಕ್ಕಿದ್ದು ಆಗಲೇ ಕೆಲಸದಲ್ಲಿ ಇದ್ದವರಿಗೆ, ಕೆಲಸ ಹೇಗೆ ಮಾಡಬೇಕು ಅನ್ನುವುದರಲ್ಲಿ ಏನೂ ಬದಲಾಗಿರಲಿಲ್ಲ. ನಮ್ಮ ಪ್ರಶ್ನೆಯೇ ಬೇರೆ. ಕುರ್ಚಿಯಲ್ಲಿ ಯಾರಾದರೂ ಇರುತ್ತಾರಾ, ಮಾರ್ಚ್ ತನಕ ಇರುತ್ತಾರಾ ಅನ್ನುವುದು. ಆ ಪ್ರಯೋಗ ಈ ಪ್ರಶ್ನೆಗೆ ಉತ್ತರ ಕೊಡುವುದೇ ಇಲ್ಲ.

ನಾನು ಕೇಳುವುದು ದೊಡ್ಡದಲ್ಲ. ಜೂನ್ ಒಂದಕ್ಕೆ ಅತಿಥಿ ಶಿಕ್ಷಕರ ಆದೇಶ ಕೈಯಲ್ಲಿರಲಿ. ಗೌರವಧನ ತಿಂಗಳು ತಿಂಗಳು ಬರಲಿ. ಕಾಯಂ ನೇಮಕಾತಿಯಲ್ಲಿ ಅನುಭವಕ್ಕೆ ಸ್ವಲ್ಪ ಅಂಕ ಇರಲಿ. ನೀವು ವಯೋಮಿತಿ ನೋಡಿಕೊಂಡು ಮುಂದಿನ ನೇಮಕಾತಿಗೆ ಓದುತ್ತಿರಿ ತಂಗಿ, ಆರು ವರ್ಷದ ಸೇವಾ ಪ್ರಮಾಣಪತ್ರವನ್ನು ವರ್ಷ ವರ್ಷ ಮುಖ್ಯ ಶಿಕ್ಷಕರ ಸಹಿ ಹಾಕಿಸಿ ತೆಗೆದಿಟ್ಟುಕೊಳ್ಳಿ. ಮುಖ್ಯ ಶಿಕ್ಷಕರು ವರ್ಗವಾಗಿ ಹೋದರೆ ಆಮೇಲೆ ಅಲೆಯಬೇಕಾಗುತ್ತದೆ.

ಪ್ರಶ್ನೆ: ಎಂಟನೇ ತರಗತಿವರೆಗೆ ಫೇಲ್ ಮಾಡದೇ ಇದ್ದಿದ್ದರಿಂದಲೇ ಮಕ್ಕಳು ಹಾಳಾದರು ಅಂತ ನನ್ನ ಅನಿಸಿಕೆ. ನೀವೇನು ಹೇಳುತ್ತೀರಿ?
– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ

ಒಪ್ಪುವುದಿಲ್ಲ ಸರ್. 2024ರ ಅಸರ್ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳ ಸರ್ಕಾರಿ ಶಾಲೆಯ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 23.4 ಮಾತ್ರ. ಮಗು ಹಿಂದೆ ಬಿದ್ದಿದ್ದು ಎರಡನೇ ತರಗತಿಯಲ್ಲಿ. ಎಂಟರಲ್ಲಿ ಫೇಲ್ ಮಾಡಿದರೆ ಅದೇ ಬೆಂಚು, ಅದೇ ಪುಸ್ತಕ, ಅದೇ ಖಾಲಿ ಕುರ್ಚಿ ಇನ್ನೊಂದು ವರ್ಷ. ಹೆಣ್ಣುಮಗುವಾದರೆ ಶಾಲೆ ಬಿಡಿಸಿಬಿಡುತ್ತಾರೆ. ಮಗುವಿಗೆ ಓದಲು ಬರುತ್ತಾ ಅಂತ ನೋಡಬೇಕಾದ್ದು ಸರಿ, ಆದರೆ ಅದು ಎರಡು, ಮೂರನೇ ತರಗತಿಯಲ್ಲೇ ಆಗಬೇಕು. ನಮ್ಮ ರಾಜ್ಯದಲ್ಲಿ 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಅಂತ ಹೊರಟು, ಅದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ನಿಂತು, ಮಕ್ಕಳು ಫಲಿತಾಂಶ ಏನಾಯಿತು ಅಂತ ಗೊತ್ತಿಲ್ಲದೆ ರಜೆ ಕಳೆದರು. ಆ ಶ್ರಮವನ್ನು ಎರಡನೇ ತರಗತಿಯ ಓದಿಗೆ ಹಾಕಿದ್ದರೆ ಅಂತ ಅನಿಸುತ್ತದೆ.

ಪ್ರಶ್ನೆ: ನಮ್ಮದು ಮಲೆನಾಡಿನ ಸಣ್ಣ ಊರು. ಶಾಲೆಯಲ್ಲಿ ಐದು ತರಗತಿ, 18 ಮಕ್ಕಳು, ಒಬ್ಬರೇ ಮೇಡಂ. ಒಳ್ಳೆಯವರು. ಆದರೆ ಸಮೀಕ್ಷೆ, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಮೊಟ್ಟೆ ಲೆಕ್ಕ, ಮೀಟಿಂಗು ಅಂತ ವಾರಕ್ಕೆ ಎರಡು ದಿನ ಪಾಠ ಇಲ್ಲ. ಕೇಳಿದರೆ 18 ಮಕ್ಕಳಿಗೆ ಒಬ್ಬರು ಜಾಸ್ತಿಯೇ ಅಂತಾರೆ. ಈಗ ನಾಲ್ಕು ಕಿಲೋಮೀಟರ್ ದೂರದ ಕರ್ನಾಟಕ ಪಬ್ಲಿಕ್ ಶಾಲೆಗೆ (ಕೆಪಿಎಸ್) ಸೇರಿಸುವ ಮಾತೂ ಇದೆ. ಒಪ್ಪಬೇಕಾ?
– ಎಸ್‌ಡಿಎಂಸಿ ಅಧ್ಯಕ್ಷ, ಶಿವಮೊಗ್ಗ ಜಿಲ್ಲೆ

ಅಧ್ಯಕ್ಷರೇ, ಈ "18ಕ್ಕೆ ಒಬ್ಬರು" ಅನ್ನುವ ಲೆಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ. ನಗರದ ಒಂದು ತರಗತಿಯಲ್ಲಿ 18 ಮಕ್ಕಳಿದ್ದರೆ ಅದು ಸ್ವರ್ಗ. ನಿಮ್ಮಲ್ಲಿ ಆ 18 ಮಕ್ಕಳು ಐದು ತರಗತಿಯಲ್ಲಿದ್ದಾರೆ. ಒಂದನೇ ತರಗತಿಯ ಮೂರು ಮಕ್ಕಳಿಗೆ ಅಕ್ಷರ ತಿದ್ದಿಸುವಾಗ ಐದನೇ ತರಗತಿಯ ನಾಲ್ವರು ಸುಮ್ನೆ ಕೂತಿರುತ್ತಾರೆ. ಸರಾಸರಿ ತೆಗೆದರೆ ಇದು ಕಾಣುವುದೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಇದನ್ನು ತಿಳಿದುಕೊಂಡೇ ಬರೆದಿದೆ: ಒಂದರಿಂದ ಐದನೇ ತರಗತಿಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. 18 ಇದ್ದರೂ ಇಬ್ಬರು. ಅರ್ಜಿಯಲ್ಲಿ ಇದನ್ನೇ ಬರೆಯಿರಿ. ನಿಮ್ಮೂರು ಒಂಟಿಯಲ್ಲ. 2024-25ರ ಲೆಕ್ಕದಲ್ಲಿ ದೇಶದಲ್ಲಿ ಏಕ ಶಿಕ್ಷಕ ಶಾಲೆಗಳು ಒಂದು ಲಕ್ಷ ದಾಟಿವೆ, ಕರ್ನಾಟಕದಲ್ಲೇ 7 ಸಾವಿರಕ್ಕೂ ಹೆಚ್ಚು.

ಹಲವು ತರಗತಿ ಒಟ್ಟಿಗೆ ಕೂರಿಸಿ ಕಲಿಸಲು ನಮ್ಮಲ್ಲೇ ಒಂದು ಒಳ್ಳೆಯ ದಾರಿ ಹುಟ್ಟಿತ್ತು, ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರೇ, ಆಂಧ್ರದ ಋಷಿವ್ಯಾಲಿ ಶಾಲೆಯ ಪದ್ಧತಿ ನೋಡಿಬಂದು, ಕಾರ್ಡು, ಏಣಿ, ಗುಂಪು ಅಂತ ಕೂತು ಬರೆದದ್ದು. ಶಿಕ್ಷಕರು ತಾವೇ ಕಟ್ಟಿದ್ದರಿಂದ ಅದು ಅಲ್ಲಿ ಚೆನ್ನಾಗಿ ಬೇರು ಬಿಟ್ಟಿತು. ಆಮೇಲೆ 2009ರ ಹೊತ್ತಿಗೆ ಆದೇಶ ಹೊರಡಿಸಿ ಇಡೀ ರಾಜ್ಯಕ್ಕೆ ಹರಡಿದರು. ನಾನು ನೋಡಿದ ಎಷ್ಟೋ ಶಾಲೆಗಳಲ್ಲಿ ಕಾರ್ಡು ಬಂತು, ಆ ಉತ್ಸಾಹ ಬರಲಿಲ್ಲ. ಆದರೂ ನಿಮ್ಮ ಮೇಡಂ ಒಬ್ಬರೇ ಇಷ್ಟು ದಿನ ಶಾಲೆ ನಡೆಸುತ್ತಿದ್ದಾರೆ ಅಂದರೆ ನಲಿ-ಕಲಿ ಅವರ ಕೈಹಿಡಿದಿರಬೇಕು.

ಪಾಠ ಬಿಟ್ಟು ಬೇರೆ ಕೆಲಸ ಅನ್ನುವುದಕ್ಕೆ ಕಾಯ್ದೆಯ 27ನೇ ಕಲಂ ನೋಡಿ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಹತ್ತಿದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಕೆಲಸ ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದರು. ಸಮೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ, ಹಿಂದುಳಿದವರ ಲೆಕ್ಕ ರಾಜ್ಯಕ್ಕೆ ಬೇಕೇ ಬೇಕು. ಆದರೆ ಎಣಿಸಲು ಹೋದ ಮೇಡಂ ಕಲಿಸಬೇಕಿದ್ದ ಮಕ್ಕಳೂ ಅದೇ ಹಿಂದುಳಿದ ಮನೆಯವರು. ದುಡ್ಡಿದ್ದವರ ಮಕ್ಕಳು ಆ ಹತ್ತು ದಿನ ಟ್ಯೂಷನ್ನಿಗೆ ಹೋದರು. ಮೊಟ್ಟೆಯೂ ಹಾಗೆಯೇ. ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದು ತುಂಬಾ ಒಳ್ಳೆಯ ಕೆಲಸ, ಹಸಿದ ಹೊಟ್ಟೆಯಲ್ಲಿ ಪಾಠ ಹತ್ತುವುದಿಲ್ಲ. ಆದರೆ ಮೊಟ್ಟೆ ತರುವುದು, ಎಣಿಸುವುದು, ಆ್ಯಪ್‌ಗೆ ಹಾಕುವುದು ಒಬ್ಬರೇ ಶಿಕ್ಷಕಿಯ ತಲೆಗೆ ಬಂದರೆ ಮೊದಲ ಪಿರಿಯಡ್ ಹೋಯಿತು ಅಂತಲೇ. ಈ ಹೊರೆಯನ್ನು ಎಸ್‌ಡಿಎಂಸಿ ಸ್ವಲ್ಪ ಹೊತ್ತುಕೊಳ್ಳಬಹುದು. ನೀವು, ಅಡುಗೆಯವರು, ಇಬ್ಬರು ಪೋಷಕರು ಸೇರಿ ತರುವ ಕೆಲಸ ವಹಿಸಿಕೊಳ್ಳಿ.

ಕೆಪಿಎಸ್ ವಿಷಯ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ತರಗತಿಗೊಬ್ಬ ಶಿಕ್ಷಕರು, ಮಗುವಿಗೆ ಜೊತೆಯಲ್ಲಿ ಓದುವ ಹತ್ತು ಗೆಳೆಯರು, ಇದೆಲ್ಲ ನಿಜವಾದ ಲಾಭ, ತಳ್ಳಿಹಾಕಬೇಡಿ. ಆದರೆ ಮಲೆನಾಡಿನ ಮಳೆಯಲ್ಲಿ ಆರು ವರ್ಷದ ಮಗು ನಾಲ್ಕು ಕಿಲೋಮೀಟರ್ ನಡೆಯಲಾರದು. ನಿಯಮದ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗೆ ಸಿಗಬೇಕು. ಹಾಗಾಗಿ ನಾನಾಗಿದ್ದರೆ ಹೀಗೆ ಕೇಳುತ್ತಿದ್ದೆ: ಬಸ್ಸು ಯಾರು ಓಡಿಸುತ್ತಾರೆ, ಎಷ್ಟು ವರ್ಷಕ್ಕೆ, ಡ್ರೈವರ್ ಸಂಬಳ ಯಾವ ಲೆಕ್ಕದಿಂದ, ಆಯಾ ಇರುತ್ತಾರಾ, ಹಳ್ಳ ಬಂದ ದಿನ ಏನು? ಇದು ಬರಹದಲ್ಲಿ ಬಂದರೆ ಊರಿನ ತಾಯಂದಿರ ಸಭೆ ಕರೆದು ಕೇಳಿ. ಬರಹದಲ್ಲಿ ಬರದಿದ್ದರೆ ಒಪ್ಪಬೇಡಿ. ಒಮ್ಮೆ ಬೀಗ ಬಿದ್ದ ಶಾಲೆಯನ್ನು ಮತ್ತೆ ತೆರೆಸುವುದು ಬಹಳ ಕಷ್ಟ.

ಪ್ರಶ್ನೆ: 2003ರಲ್ಲಿ ನೇಮಕವಾದವಳು, ಈಗ ವಯಸ್ಸು 47. ಸುಪ್ರೀಂ ಕೋರ್ಟ್ ತೀರ್ಪಿನಿಂದ ನಾನೂ ಟಿಇಟಿ ಬರೆಯಬೇಕಂತೆ. ನನ್ನ ಹತ್ತಿರ ಓದಿದವರು ಇವತ್ತು ಡಾಕ್ಟರ್ ಆಗಿದ್ದಾರೆ. ಅವಮಾನ ಅನಿಸುತ್ತಿದೆ.
– ಪ್ರಾಥಮಿಕ ಶಾಲೆ ಶಿಕ್ಷಕಿ, ತುಮಕೂರು ಜಿಲ್ಲೆ

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನೀವು ಸೇರಿದಾಗ ಇದ್ದ ಪರೀಕ್ಷೆ ಬರೆದು, ಪಾಸಾಗಿ, ಆದೇಶ ತಗೊಂಡು ಬಂದವರು. ಆಟ ಅರ್ಧ ಮುಗಿದ ಮೇಲೆ ನಿಯಮ ಬದಲಾಯಿತು ಅನಿಸುವುದು ಸಹಜ.

2025ರ ಸೆಪ್ಟೆಂಬರ್ 1ರ ತೀರ್ಪು ಹೇಳುವುದು ಇಷ್ಟು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಇದ್ದವರು ಪಾಸಾಗದೆಯೂ ಸೇವೆ ಮುಗಿಸಬಹುದು, ಆದರೆ ಬಡ್ತಿ ಬೇಕಿದ್ದರೆ ಪಾಸಾಗಲೇಬೇಕು. ನಿಮಗೆ ಇನ್ನೂ ಹದಿಮೂರು ವರ್ಷ ಇದೆ. ಮುಂದೆ ಏನಾದರೂ ಸಡಿಲಿಕೆ ಬಂದರೆ ಬರಲಿ, ಅದನ್ನೇ ನಂಬಿ ಕೂರಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಹೊಸದಾಗಿ ಬರುವವರಿಗೆ ಟಿಇಟಿ ಬೇಕು. 150 ಪ್ರಶ್ನೆಗೆ 90 ಉತ್ತರ ಬರದವರ ಕೈಗೆ ಮಕ್ಕಳನ್ನು ಕೊಡಬಾರದು. ಆದರೆ 22 ವರ್ಷ ಪಾಠ ಮಾಡಿದವರನ್ನು ಅಳೆಯಲು ಅವರ ತರಗತಿಗೇ ಹೋಗಿ ಕೂತು ನೋಡಬೇಕಿತ್ತು, ಮಕ್ಕಳ ನೋಟ್‌ಬುಕ್ ತಿರುವಿ ಹಾಕಬೇಕಿತ್ತು. ಅದಕ್ಕೆ ಸಮಯ, ಜನ ಬೇಕು. ಬಹು ಆಯ್ಕೆ ಪ್ರಶ್ನೆಪತ್ರಿಕೆ ಅಗ್ಗ.

ಅದಿರಲಿ, ಬರೆಯಿರಿ ಮೇಡಂ. ಮೊದಲ ಪತ್ರಿಕೆಯಲ್ಲಿ ಶಿಶು ವಿಕಸನ, ಎರಡು ಭಾಷೆ, ಗಣಿತ, ಪರಿಸರ, ತಲಾ 30 ಅಂಕ. ಕನ್ನಡ ಮತ್ತು ಪರಿಸರ ನಿಮಗೆ ದಿನದ ಅನ್ನ. ಇಂಗ್ಲಿಷ್ ಮತ್ತು ಶಿಶು ವಿಕಸನಕ್ಕೆ ನಿಮ್ಮ ಶಾಲೆಯ ಅತಿಥಿ ಶಿಕ್ಷಕಿಯ ಸಹಾಯ ಕೇಳಿ. ಅವರು ಇತ್ತೀಚೆಗೆ ಓದಿದವರು, ಖುಷಿಯಿಂದ ಹೇಳಿಕೊಡುತ್ತಾರೆ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ನಮ್ಮ ಗಣಿತ ಸರ್ ವರ್ಗಾವಣೆ ಆಗಿ ಹೋದರು. ನಾವೆಲ್ಲ ಅತ್ತೆವು. ನಾನು ಗಣಿತ ಟೀಚರ್ ಆಗಬೇಕು. ಏನು ಓದಬೇಕು?
– ವಿದ್ಯಾರ್ಥಿನಿ, ಯಾದಗಿರಿ ಜಿಲ್ಲೆ

ಪುಟ್ಟಿ, ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ವಿಜ್ಞಾನ ತಗೋ. ಕಾಲೇಜಿಗೆ ದೂರ ಆದರೆ ಹಾಸ್ಟೆಲ್‌ಗೆ ಜೂನ್‌ಗೆ ಮೊದಲೇ ಅರ್ಜಿ ಹಾಕು. ಆಮೇಲೆ ಎರಡು ದಾರಿ. ಬಿ.ಎಸ್ಸಿ ಮೂರು ವರ್ಷ ಮುಗಿಸಿ ಬಿ.ಎಡ್ ಎರಡು ವರ್ಷ ಮಾಡಬಹುದು. ಇಲ್ಲದಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆ ಪಿಯುಸಿ ಆದ ಕೂಡಲೇ ಪ್ರವೇಶ ಪರೀಕ್ಷೆ ಬರೆದು, ನಾಲ್ಕೇ ವರ್ಷದಲ್ಲಿ ಪದವಿ, ಬಿ.ಎಡ್ ಎರಡನ್ನೂ ಒಟ್ಟಿಗೆ ಮುಗಿಸಬಹುದು. ಒಂದು ವರ್ಷ ಉಳಿಯುತ್ತದೆ, ನಿನ್ನಂಥವಳಿಗೆ ನಾನು ಹೇಳುವುದು ಎರಡನೆಯದನ್ನೇ. ಚಿಕ್ಕ ಮಕ್ಕಳಿಗೆ ಕಲಿಸುವ ಆಸೆ ಬಂದರೆ ಪಿಯುಸಿ ನಂತರ ಎರಡು ವರ್ಷದ ಡಿ.ಎಲ್.ಎಡ್ ಬೇಕು, ಒಂದರಿಂದ ಐದನೇ ತರಗತಿಗೆ ಬಿ.ಎಡ್ ನಡೆಯುವುದಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಿಮ್ಮ ಜಿಲ್ಲೆಯಲ್ಲಿ ಹುದ್ದೆಗಳ ಹೆಚ್ಚಿನ ಪಾಲು ಆ ಭಾಗದ ಮಕ್ಕಳಿಗೇ ಮೀಸಲು, ಅದಕ್ಕೆ 371ಜೆ ಅರ್ಹತಾ ಪ್ರಮಾಣಪತ್ರ ಬೇಕು. ಅಪ್ಪ ಅಮ್ಮನಿಗೆ ಹೇಳಿ ಈಗಲೇ ಮಾಡಿಸಿ ಇಟ್ಟುಕೋ. ಹೋದ ಸರ್ ನಂಬರ್ ಇದ್ದರೆ ಲೆಕ್ಕ ಬರದಾಗ ಫೋನ್ ಮಾಡು. ಮೇಲೆ ಪತ್ರ ಬರೆದವರ ಹಾಗೆ ಹದಿನಾಲ್ಕು ವರ್ಷ ಒಂದೇ ಊರಿನಲ್ಲಿ ಉಳಿದ ಮೇಷ್ಟ್ರುಗಳನ್ನು ನಾನು ಬಲ್ಲೆ, ಅವರು ಫೋನ್ ಎತ್ತುತ್ತಾರೆ.